ಬೆಳ್ದಿಂಗಳ ಬಣ್ಣದ ಹಲಗೆ

"ಬುದ್ಧಿ, ಒಬ್ಬ ಹೆಂಗಸಿನ ಕಣ್ಣಿಗೋಸ್ಕರ ಇಡೀ ಕಂಪ್ನಿ ಬಣ್ಣ ಬದಲಾಯಿಸ್ಬೇಕಾ?"

ರುದ್ರಾಣಿ ಹಿಂಗೆ ಕೇಳಿದ್ದು ಮಠದ ಜಗಲಿ ಮೇಲೆ. ಗುರುಗಳ ಕಾಲಿಗೆ ಬಿದ್ದು ಎದ್ದೋಳು ಕೂರೋಕ್ಕೂ ಮುಂಚೆ ಕೇಳ್ಬಿಟ್ಲು. ಮಠಕ್ಕೂ ನಮ್ಮನೆಗೂ ಒಂದೇ ಗೋಡೆ. ನಾನು ಅಲ್ಲೇ ಪೂಜೆಗೆ ಹೂವು ಕಟ್ತಾ ಕೂತಿದ್ದೆ, ಎದ್ದೋಗು ಅಂತ ಯಾರೂ ಅನ್ಲಿಲ್ಲ.

ಈ ರುದ್ರಾಣಿ ನಮ್ಮ ಬೀದಿ ಕೊನೇ ಮನೆಯೋಳು. ಊದುಬತ್ತಿ ಕಾರ್ಖಾನೇಲಿ ಕಂಪ್ಯೂಟರ್ ಕೆಲಸ ನೋಡ್ಕೋತಾಳೆ. ಲಂಗ ಹಾಕೋ ಕಾಲದಿಂದ ಮಠಕ್ಕೆ ಬರ್ತಾಳೆ, ಗುರುಗಳ ಹತ್ರಾನೇ ವಚನ ಕಲ್ತೋಳು. ಕಲ್ತಿದ್ದನ್ನ ಎಷ್ಟು ನಡೆಸ್ತಾಳೆ ಅಂತ ಮಾತ್ರ ನನ್ನ ಕೇಳ್ಬೇಡಿ.

ವಿಷ್ಯ ಇಷ್ಟೆ. ಆ ಕಾರ್ಖಾನೇಲಿ ಡಬ್ಬಿ ತುಂಬೋ ಹೆಂಗಸ್ರು ಇಪ್ಪತ್ತೊಂದು ಜನ. ಮುಂಚೆ ಚೀಟಿ ನೋಡಿ ತುಂಬೋರು. ಈಗ ಒಬ್ಬೊಬ್ರ ಮುಂದೂ ಒಂದೊಂದು ಸ್ಕ್ರೀನು ಇಟ್ಟಿದಾರೆ. ಯಾವ ಕಡ್ಡಿ ಯಾವ ಡಬ್ಬಿಗೆ ಅಂತ ಅದ್ರಲ್ಲಿ ಬರತ್ತೆ, ಅದನ್ನ ಓದಿ, ಬಟನ್ ಒತ್ತಿ, ತುಂಬ್ಬೇಕು. ಆ ಸಾಫ್ಟ್‌ವೇರು ಬಂದಾಗ ಬಿಳಿ ಮೇಲೆ ಕಪ್ಪು ಅಕ್ಷರ ಇತ್ತು. ಯಜಮಾನ್ರಿಗೆ ಅದು ಹಿಡಿಸ್ಲಿಲ್ಲ. ಅವರ ಕಂಪ್ನಿದು ಗಂಧದ ಬಣ್ಣ. ಅವರಪ್ಪ ಮೊದಲ್ನೇ ಡಬ್ಬಿಗೆ ಹಾಕ್ಸಿದ್ದು ಅದು, ಗೇಟಿಂದ ಹಿಡ್ದು ಲಾರಿವರೆಗೂ ಅದೇ. ಸ್ಕ್ರೀನಲ್ಲೂ ಅದೇ ಇರ್ಲಿ ಅಂದ್ರು. ರುದ್ರಾಣಿ ಕೂತ್ಕೊಂಡು ಒಂದೊಂದು ಅಕ್ಷರಕ್ಕೂ ಒಂದೊಂದು ಬಟನ್ನಿಗೂ ತೆಳ್ಳನೆ ಗಂಧದ ಬಣ್ಣ ಕೊಟ್ಲು. ಬಿಳಿ ಮೇಲೆ. ಯಜಮಾನ್ರು ಎಲ್ರೆದುರು ಹೊಗಳಿದ್ರಂತೆ. ಆ ಹೊಗಳಿಕೇನ ನಮ್ಮ ಬೀದಿ ಪೂರ್ತಿ ಎರಡು ವಾರ ಕೇಳಿದೀವಿ.

ಈಗ ಕೆಂಪಾಜಮ್ಮ ಅನ್ನೋ ಹೆಂಗಸು, ಹದ್ನೆಂಟು ವರ್ಷದಿಂದ ಅಲ್ಲಿ ಡಬ್ಬಿ ತುಂಬ್ತಿರೋಳು, ಸಂಪಿಗೆ ಡಬ್ಬಿಗೆ ಸಾಂಬ್ರಾಣಿ ಕಡ್ಡಿ ತುಂಬಿದಾಳೆ. ಒಂದ್ಸಲ ಅಲ್ಲ, ಮೂರು ಸಲ. ಯಾಕೆ ಅಂದ್ರೆ ಅಕ್ಷರ ಕಾಣ್ಸಲ್ಲ, ಮುಂಚಿನ ಕಪ್ಪೇ ಇರ್ಲಿ ಅಂದ್ಲಂತೆ. ಇವಳ ಕಣ್ಣು ಹೋಗಿದೆ, ಕೆಲಸ ಬಿಡ್ಸಿ ಅಂತ ಯಜಮಾನ್ರು ಹೇಳಿದಾರೆ. ಬಿಡ್ಸೋ ಕಾಗದ ಬರೆಯೋದೂ ರುದ್ರಾಣೀನೆ, ಸೋಮವಾರ ಕೊಡ್ಬೇಕು. ಕೆಂಪಾಜಮ್ಮನ ಮನೇಲಿ ದುಡಿಯೋರು ಅವಳೊಬ್ಳೇ. ಇದನ್ನೆಲ್ಲ ಹೇಳಿ ಮುಗ್ಸಿ ರುದ್ರಾಣಿ, ಮಿಕ್ಕ ಇಪ್ಪತ್ತು ಜನ ತುಟಿ ಪಿಟಕ್ ಅಂದಿಲ್ಲ ಬುದ್ಧಿ, ಅವರಿಗೆಲ್ಲ ಕಾಣೋದು ಇವಳಿಗೊಬ್ಳಿಗೆ ಯಾಕೆ ಕಾಣಲ್ಲ ಅಂತ ಸೇರ್ಸಿದ್ಲು.

ಗುರುಗಳು ಕಣ್ಣು ಮುಚ್ಕೊಂಡ್ರು. ನಿದ್ದೆ ಹೋದ್ರೇನೋ ಅಂದ್ಕೊಂಡೆ, ವಯಸ್ಸಾಗಿದೆ ನೋಡಿ. ಸ್ವಲ್ಪ ಹೊತ್ತಿಗೆ ಕಣ್ಣು ತೆರೀದೇನೆ ಕತೆ ಶುರು ಮಾಡಿದ್ರು.

ಒಂದು ಹೊಳೆ. ಹೊಳೆ ದಡದಲ್ಲಿ ಒಬ್ಬ ವರ್ತಕ. ನೂಲಿಗೆ ಬಣ್ಣ ಕಟ್ಟೋದು ಅವನ ಕಸುಬು. ಊರಲ್ಲಿ ಬೇರೆಯೋರು ಕೆಂಪು ಕಟ್ತಿದ್ರು, ನೀಲಿ ಕಟ್ತಿದ್ರು. ಬೆಳ್ದಿಂಗಳ ಬಣ್ಣ ಕಟ್ಟಕ್ಕೆ ಬರ್ತಿದ್ದಿದ್ದು ಅವನೊಬ್ಬನಿಗೇ ಅಂತೆ. ಅದು ಬಿಳಿ ಅಲ್ಲ, ಹಳದೀನೂ ಅಲ್ಲ. ಆ ನೂಲಿನ ಸೀರೆ ಉಟ್ಟು ಹೊಳೇಗೆ ಇಳಿದ್ರೆ ಸೀರೆ ಎಲ್ಲಿ ಮುಗೀತು, ನೀರು ಎಲ್ಲಿ ಶುರುವಾಯ್ತು ಅಂತ ಉಟ್ಟೋಳಿಗೇ ತಿಳೀತಿರ್ಲಿಲ್ಲವಂತೆ. ಆ ಬಣ್ಣ ಅವನಿಗೆ ಕನಸಲ್ಲಿ ಸಿಕ್ಕಿದ್ದು. ಎದ್ದು ನೋಡ್ಕೊಂಡ್ರೆ ಬೆರಳ ತುದೀಲಿ ಇನ್ನೂ ಅಂಟ್ಕೊಂಡಿತ್ತಂತೆ.

ಅಂಥಾ ಬಣ್ಣ ಸಿಕ್ಕಿದ್ಮೇಲೆ ಸುಮ್ನಿರ್ತಾನಾ. ಮೊದ್ಲು ಬಾಗಿಲಿಗೆ ಬಳಿಸಿದ. ಆಮೇಲೆ ಗೋಡೆಗೆ. ಆಮೇಲೆ ನೂಲು ಒಣಗ್ಹಾಕೋ ಹಗ್ಗಕ್ಕೆ, ಕೆಲಸದೋರು ಉಡೋ ಬಟ್ಟೆಗೆ. ದೂರದಿಂದ ನೋಡೋರಿಗೆ ಹೊಳೆ ದಡದಲ್ಲಿ ಒಂದು ಮೋಡ ಬಂದು ಕೂತ್ಕೊಂಡಂಗೆ ಕಾಣ್ತಿತ್ತಂತೆ.

ಒಳಗೆ ಹನ್ನೆರಡು ತೊಟ್ಟಿ. ಒಂದ್ರಲ್ಲಿ ಹೊಳೆ ನೀರು. ಒಂದ್ರಲ್ಲಿ ಬಣ್ಣ ಹಿಡಿಸೋ ಪಟಿಕದ ನೀರು. ಒಂದ್ರಲ್ಲಿ ಚೌಳು, ಸುಣ್ಣ ಹಾಕಿದ ತಿಳಿ, ಅದರೊಳಗೆ ಕೈ ಇಟ್ರೆ ಚರ್ಮ ಸುಲ್ದು ಬರತ್ತೆ. ಕಣ್ಣಿಗೆ ಮೂರೂ ಒಂದೇ ಥರ. ಅದಕ್ಕೇ ಒಂದೊಂದು ತೊಟ್ಟಿ ಮೇಲೂ ಒಂದೊಂದು ಹಲಗೆ ನೇತ್ಹಾಕಿದ್ರು. ಹಲಗೆಗೆ ಸುಣ್ಣ ಬಳಿದು, ಒಳಗೆ ಏನಿದೆ ಅಂತ ಮಸೀಲಿ ಬರೆದಿತ್ತು. ಕೆಲಸದೋರಿಗೆಲ್ಲ ಓದಕ್ಕೆ ಬರ್ತಿತ್ತಂತೆ. ಗುರುಗಳು ಹೇಳೋ ಊರಲ್ವಾ, ಬರತ್ತೆ.

ಒಂದಿನ ವರ್ತಕ ಬಾಗಿಲಲ್ಲಿ ನಿಂತು ಆ ಕಪ್ಪಕ್ಷರ ನೋಡಿದ. ನನ್ನ ಬೆಳ್ದಿಂಗಳಲ್ಲಿ ಈ ಕಾಗೆಗಳು ಯಾಕೆ ಕೂತಿವೆ ಅಂದ. ಹಲಗೆ ಬರೆಯೋನ್ನ ಕರೆಸ್ದ. ಎಲ್ಲ ಕೆರೆದು ಬೆಳ್ದಿಂಗಳ ಬಣ್ಣದಲ್ಲೇ ಬರಿ ಅಂದ.

ಬರೆಯೋನು ಏಣಿ ಹತ್ತಿ ಬರೆದ. ಇಳಿದು ಬಂದು ತಿರುಗಿ ನೋಡಿದ, ಏನೂ ಕಾಣ್ಲಿಲ್ಲ. ಮತ್ತೆ ಹತ್ತಿ ಬೆರಳಿಂದ ಮುಟ್ಟಿ ನೋಡಿದ, ಒದ್ದೆ ಇತ್ತು. ಬರೆದಿರೋದು ನಿಜ. ಅಷ್ಟರಲ್ಲಿ ವರ್ತಕ ಬಾಗಿಲಿಂದಾನೇ ಹನ್ನೆರಡೂ ಹಲಗೆ ಗಟ್ಟಿಯಾಗಿ ಓದ್ಬಿಟ್ಟ, ಎಷ್ಟು ಚೆನ್ನಾಗಿ ಕಾಣತ್ತೆ ಅಂದ. ಬರೆಯೋನು ಕುಂಚ ತೊಳ್ಕೊಂಡು ಮನೆಗೆ ಹೋದ.

ಬೆಳಿಗ್ಗೆ ಕೆಲಸದೋರು ಬಂದ್ರು. ತಲೆ ಎತ್ತಿ ಹಲಗೆ ನೋಡಿದ್ರು. ಒಬ್ಬಳು ಪಕ್ಕದೋಳ ಮುಖ ನೋಡಿದ್ಲು. ಪಕ್ಕದೋಳು ಹೂಂ ಅಂತ ತಲೆ ಆಡ್ಸಿದ್ಲು, ಇವಳೂ ಆಡ್ಸಿದ್ಲು. ಹಿಂಗೇ ಸಾಲು ಪೂರ್ತಿ ತಲೆ ಆಡ್ಸಿದ್ರಂತೆ. ನನಗೊಬ್ಳಿಗೇ ಕಾಣ್ತಿಲ್ಲ, ಹೇಳಿದ್ರೆ ನಾಳೆಯಿಂದ ಬರ್ಬೇಡ ಅಂತಾರೆ, ಅಂತ ಒಬ್ಬೊಬ್ರಿಗೂ ಒಳಗೊಳಗೇ ಹೆದ್ರಿಕೆ. ಹೊಟ್ಟೆಪಾಡು ನೋಡಿ, ಬಾಯಿ ಬಿಡಕ್ಕಾಗತ್ತಾ.

ಆವತ್ತಿಂದ ಅವರು ಹೆಜ್ಜೆ ಎಣ್ಸಕ್ಕೆ ಶುರು ಮಾಡಿದ್ರು. ಹೊಸ್ತಿಲಿಂದ ಏಳು ಹೆಜ್ಜೆಗೆ ಪಟಿಕ. ಹತ್ತಕ್ಕೆ ಹೊಳೆ ನೀರು. ಹದಿನಾಲ್ಕಕ್ಕೆ ಚೌಳು, ದೂರ ನಿಲ್ಬೇಕು. ಸದ್ದಿಲ್ದೆ ತುಟಿ ಆಡಿಸ್ತಾ, ಬೆಳ್ದಿಂಗಳ ಬಟ್ಟೆ ಉಟ್ಟು, ಬೆಳ್ದಿಂಗಳ ಗೋಡೆ ನಡುವೆ ಅಡ್ಡಾಡ್ತಿದ್ರು. ನೋಡಕ್ಕೆ ಬಂದೋರು, ಪಾಪ ಎಂಥಾ ಭಕ್ತಿ, ಕೆಲಸ ಮಾಡ್ತಾನೂ ಜಪ ಮಾಡ್ತಾರೆ ಅಂತಿದ್ರಂತೆ. ವರ್ತಕ ಚಾಪೆ ಹಾಸ್ಕೊಂಡು ಕೂತು ನೋಡ್ತಿದ್ದ. ಅವನಿಗೆ ಎಲ್ಲಾ ತನ್ನ ಕನಸಿನಂಗೇ ಕಾಣ್ತಿತ್ತು. ಮಂಜಲ್ಲಿ ಜನ ತೇಲ್ತಾ ಹೋದಂಗೆ, ಕಾಲಿಗೆ ನೆಲ ತಾಗ್ದಂಗೆ. ಎಷ್ಟು ದಿನ ಹಂಗೆ ನಡೀತೋ, ಒಂದು ಮಳೆಗಾಲವೋ ಹತ್ತು ಮಳೆಗಾಲವೋ, ಲೆಕ್ಕ ಇಟ್ಟೋರಿಲ್ಲ.

ಆಮೇಲೆ ಒಂದು ತೊಟ್ಟಿ ಬಿರುಕು ಬಿಡ್ತು. ಅದನ್ನ ತೆಗೆದು ಬೇರೆ ಕಟ್ಸೋವಾಗ ತೊಟ್ಟಿಗಳ ಜಾಗ ಆಚೀಚೆ ಆಯ್ತು. ಬರೆಯೋನು ಬಂದು ಹಲಗೆಗಳನ್ನ ಅದಕ್ಕೆ ತಕ್ಕಂಗೆ ಬರೆದೂ ಹೋದ. ಒಂದಕ್ಷರ ತಪ್ಪಿರ್ಲಿಲ್ಲ. ಮಾರನೇ ಬೆಳಿಗ್ಗೆ ಒಬ್ಬ ಮುದುಕಿ ನೂಲಿನ ಲಡಿ ಹಿಡ್ಕೊಂಡು ಒಳಗೆ ಬಂದ್ಲು. ಏಳು ಹೆಜ್ಜೆ ಎಣ್ಸಿದ್ಲು. ಮೊಣಕೈವರೆಗೂ ಎರಡೂ ಕೈ ಅದ್ದಿದ್ಲು. ಅಲ್ಲಿ ಪಟಿಕ ಇರ್ಲಿಲ್ಲ, ಚೌಳಿತ್ತು.

ಕೂಗು ಕೇಳಿ ವರ್ತಕ ಓಡಿ ಬಂದ. ಅವಳ ಕೈ ನೋಡಿದ. ತಾನೇ ಹೊಳೆ ನೀರು ಮೊಗೆದು ಅದರ ಮೇಲೆ ಸುರಿದ, ಆದ್ರೆ ಬಾಯಿಗೆ ಬಂದಿದ್ದು ಬೇರೆ.

"ಅಷ್ಟು ದೊಡ್ಡದಾಗಿ ಬರೆಸಿದೀನಲ್ಲವ್ವ, ಓದ್ಬಾರ್ದಾಗಿತ್ತಾ?"

"ನಾನು ಓದೋದು ಬಿಟ್ಟು ಎಷ್ಟೋ ಕಾಲ ಆಯ್ತು ಧಣಿ. ಹೆಜ್ಜೆ ಎಣ್ಕೊಂಡೇ ನಿಮ್ಮ ಅನ್ನ ತಿಂತಿದೀನಿ."

ವರ್ತಕ ಇದನ್ನ ಒಪ್ಲಿಲ್ಲ. ಇವಳಿಗೆ ಕಣ್ಣು ಮಂಜಾಗಿದೆ, ಮನೇಗೆ ಕಳಿಸಿ, ಕಣ್ಣು ಚೆನ್ನಾಗಿರೋಳು ಒಬ್ಬಳನ್ನ ಕರ್ಕೊಂಬನ್ನಿ ಅಂದ. ಆದ್ರೂ ನಾಳೆ ಇನ್ನೊಬ್ಬಳು ಇದೇ ನೆಪ ಹೇಳ್ಬಾರ್ದು ಅಂತ, ಬರೆಯೋನ್ನ ಕರೆದು ಹನ್ನೆರಡೂ ಹಲಗೆಗೆ ಸುಣ್ಣ ಬಳಿದು ಹೊಸದಾಗಿ ಬರಿ ಅಂದ. ಬರೆಯೋನು ಏಣಿ ಹತ್ತಿದ. ಒಂದೊಂದಕ್ಕೂ ಸುಣ್ಣ ಬಳಿದ. ಬಿಸಿಲು ಬಂತು, ಸುಣ್ಣ ಒಣಗ್ತು.

ಮಧ್ಯಾಹ್ನ ವರ್ತಕ ಎಲ್ರನ್ನೂ ಸಾಲಾಗಿ ನಿಲ್ಲಿಸ್ದ. ಕೈಗೆ ಎಲೆ ಕಟ್ಕೊಂಡು ಮನೇಗೆ ಹೊರಟಿದ್ದ ಮುದುಕೀನೂ ನಿಲ್ಲಿಸ್ದ. ತಾನು ಬಾಗಿಲಲ್ಲಿ ನಿಂತು ಓದಕ್ಕೆ ಶುರು ಮಾಡ್ದ. ಇದು ಹೊಳೆ ನೀರು. ಇದು ಚೌಳು. ಇದು ಪಟಿಕ. ಎಲ್ಲೂ ತಡವರಿಸ್ಲಿಲ್ಲ, ಹನ್ನೆರಡನ್ನೂ ನೀರು ಕುಡಿದಂಗೆ ಓದಿ ಮುಗ್ಸಿದ. ನೋಡಿದ್ರಾ, ಕಣ್ಣಿದ್ದೋರಿಗೆ ಕಾಣತ್ತೆ ಅಂದ.

ಬರೆಯೋನು ಏಣಿ ಇಳಿದು ಬಂದ. ಕೈಯಲ್ಲಿ ಬಣ್ಣದ ಕುಡಿಕೆ ತುಂಬಿದ್ದು ತುಂಬಿದಂಗೇ ಇತ್ತು. ಕುಂಚ ಒಣಗಿತ್ತು.

"ಧಣಿ, ನಾನಿನ್ನೂ ಬರೆದೇ ಇಲ್ಲ," ಅಂದ.

ವರ್ತಕ ಹಲಗೆ ನೋಡ್ದ, ಮತ್ತೆ ನೋಡ್ದ. ಅವನಿಗೆ ಆಗ್ಲೂ ಅಕ್ಷರ ಕಾಣ್ತಾನೇ ಇತ್ತಂತೆ.

ಇಲ್ಲಿಗೆ ಗುರುಗಳು ಕತೆ ನಿಲ್ಲಿಸಿದ್ರು. ನನ್ನ ಕೈಯಲ್ಲಿ ಹೂವು ಹಂಗೇ ಇತ್ತು, ಗಂಟು ಹಾಕೋದೇ ಮರೆತ್ಹೋಗಿದ್ದೆ.

ರುದ್ರಾಣಿಗೆ ಸಮಾಧಾನ ಆಗ್ಲಿಲ್ಲ. ಆಮೇಲೆ ವರ್ತಕ ಬಣ್ಣ ಬಿಟ್ನಾ ಅಂತ ಕೇಳಿದ್ಲು. ಬಿಡ್ಲಿಲ್ಲ, ಹಲಗೆ ಸುತ್ತ ಪಟ್ಟಿಗೆ ಬೆಳ್ದಿಂಗಳ ಬಣ್ಣಾನೇ ಹಾಕ್ಸಿದ, ನಡುವೆ ಅಕ್ಷರ ಮಸೀಲಿ ಬರೆಸ್ದ, ಊರೋರು ಆಗ್ಲೂ ಅದನ್ನ ಅವನ ಬಣ್ಣ ಅಂತಾನೇ ಕರೀತಿದ್ರು ಅಂದ್ರು ಗುರುಗಳು. ಮುದುಕಿ ಕೈ ಏನಾಯ್ತು ಅಂತ ಕೇಳಿದ್ಲು. ಮೊದಲಿನಂಗೆ ಆಗ್ಲಿಲ್ಲ ಅಂದ್ರು.

ರುದ್ರಾಣಿ ಸ್ವಲ್ಪ ಹೊತ್ತು ಸೆರಗಿನ ತುದಿ ಸುತ್ತಿದ್ಲು, ಬಿಚ್ಚಿದ್ಲು. ಆಮೇಲೆ ಅವಳಿಗೆ ಸಿಟ್ಟು ಬಂತು. ಮುದುಕಿ ಮೇಲಲ್ಲ, ವರ್ತಕನ ಮೇಲೂ ಅಲ್ಲ.

"ಆ ಬರೆಯೋನಿಗೆ ಮೊದಲ್ನೇ ದಿನಾನೇ ಗೊತ್ತಾಗಿತ್ತಲ್ಲ ಬುದ್ಧಿ, ಆಗ್ಲೇ ಬಾಯಿ ಬಿಟ್ಟು ಹೇಳಕ್ಕೆ ಏನಾಗಿತ್ತು ಅವನಿಗೆ?"

ಗುರುಗಳು ಆಗ ಕಣ್ಣು ತೆರೆದು ಅವಳನ್ನ ನೋಡಿದ್ರು. ಅವರು ಅಂದಿದ್ದು ಒಂದೇ ಮಾತು.

"ಅದನ್ನ ನನ್ನ ಕೇಳಿದ್ರೆ ಹೆಂಗೆ ಕಂದ, ಬಣ್ಣ ಬಳಿದೋಳು ನೀನಲ್ವಾ."