ಅರ್ಧ ಪೇಟ

"ಕೇಳಿರಪ್ಪೋ ಕೇಳಿರಿ! ದಂಡಿನ ಪೇಟ ಸುತ್ತಿದವರು ಎದುರಾದರೆ ಚಪ್ಪಲಿ ಬಿಟ್ಟು ತಲೆಬಾಗಬೇಕು. ಬಾಗದವನು ಮಹಾರಾಜರ ಮೂರು ಒಗಟು ಬಿಡಿಸಬೇಕು. ತಪ್ಪಿದರೆ ತಲೆ ಉಳಿಯದು!"

ಡಂಗುರ ಸಾರಿದ ವಾರದಲ್ಲೇ ಇಬ್ಬರ ತಲೆ ಹೋಯಿತು. ಮೂರನೆಯವನಾಗಿ ಸಿಕ್ಕಿಬಿದ್ದವನು ದಂಡಿನ ಬಟ್ಟೆ ಒಗೆಯುವ ಮಡಿವಾಳರ ಗುರುವ. ದಳವಾಯಿ ಭೈರರಸನ ಕುದುರೆ ಎದುರು ಬಂದಾಗ ಗಂಟು ಹೊತ್ತು ನೆಟ್ಟಗೆ ನಿಂತಿದ್ದ, ಪುಣ್ಯಾತ್ಮ. ಈಗ ಅವನನ್ನು ರಾಜನ ಚಾವಡಿಗೆ ತಂದು ನಿಲ್ಲಿಸಿದ್ದರು. ಬೆನ್ನ ಹಿಂದೆಯೇ ಕತ್ತಿ ಹಿಡಿದವನು ನಿಂತಿದ್ದ.

"ತಿರುಕನೂ ಬಾಗುತ್ತಾನೆ, ನಾನೂ ಬಾಗುತ್ತೇನೆ. ಒಬ್ಬರಿಗೂ ಅದರ ಮೇಲೆ ಗೌರವವಿಲ್ಲ. ಏನದು?" ಎಂದ ರಾಜ ಕೆಂಚವರ್ಮ. ಗಾಣದ ಸಿದ್ದ 'ಯಮ' ಎಂದು ತಲೆ ಕಳೆದುಕೊಂಡದ್ದು ಇದಕ್ಕೇ.

"ಗಿಡ್ಡ ಬಾಗಿಲು ಬುದ್ಧಿ. ಹಣೆ ಒಡೆದೀತು ಅಂತ ಬಾಗೋದು."

ರಾಜನ ಹುಬ್ಬು ಮೇಲೇರಿತು. "ಅಂಗಿ ತೊಟ್ಟಿದೆ, ಕೋಲು ಹಿಡಿದಿದೆ, ಬಿಸಿಲು ಮಳೆಯೆನ್ನದೆ ಕಾಯುತ್ತದೆ. ಆದರೂ ಅದನ್ನು ಶೂರನೆನ್ನುವವರಿಲ್ಲ." ಮಕ್ಕಳಿಗೆ ಪಾಠ ಹೇಳುತ್ತಿದ್ದ ಐಗಳು ಇದಕ್ಕೆ 'ಮುದಿ ಕಾವಲುಗಾರ' ಎಂದಿದ್ದರು. ಐಗಳು ಈಗಿಲ್ಲ.

"ಹೊಲದ ಬೆದರುಬೊಂಬೆ ಬುದ್ಧಿ."

ದಳವಾಯಿ ಹಲ್ಲು ಕಡಿದ. ರಾಜ ಅಂಗಳದತ್ತ ಕೈ ತೋರಿದ. "ಅಲ್ಲಿ ನೂರು ಸಿಪಾಯಿಗಳಿದ್ದಾರೆ. ಒಂದೇ ಬಗೆಯ ಅಂಗಿ, ಒಂದೇ ಬಗೆಯ ಪೇಟ. ಡಂಗುರವಿಲ್ಲದೆಯೂ ಜನ ಬಾಗಬೇಕಾದದ್ದು ಯಾರಿಗೆ? ಯಾಕೆ?"

ಗುರುವ ಅಂಗಳಕ್ಕಿಳಿದ. ಅವನಿಗೆ ಯಾರ ಮುಖವೂ ಗೊತ್ತಿರಲಿಲ್ಲ. ಬಟ್ಟೆ ಅದಲುಬದಲಾಗದಿರಲೆಂದು ತಾನೇ ಅಂಚಿಗೆ ಹಾಕಿದ್ದ ಒಗೆದರೂ ಹೋಗದ ಕರಿಗೇರಿನ ರಸದ ಗುರುತಿನ ಚುಕ್ಕೆಗಳಷ್ಟೇ ಗೊತ್ತು. ಒಬ್ಬೊಬ್ಬರ ಪೇಟದಂಚು ನೋಡುತ್ತ, ಮೂರು ಚುಕ್ಕೆಯ ಪೇಟ ಹುಡುಕುತ್ತ ನಡೆದ. ಐವತ್ತಾಯಿತು, ಎಂಬತ್ತಾಯಿತು. ಕತ್ತಿಯವನು ಹಿಂದೆಯೇ ಬಂದ. ಮುಗಿಯಿತು ನನ್ನ ಕತೆ ಎಂದುಕೊಳ್ಳುವಷ್ಟರಲ್ಲಿ ಒಬ್ಬನ ಕಿವಿಯ ಮೇಲೆ ಮೂರು ಚುಕ್ಕೆ ಕಂಡವು. ಗುರುವ ಕೈಮುಗಿದು ಬಾಗಿದ.

"ಇವರ ಪೇಟ ಬಿಚ್ಚಿಸಿ ನೋಡಿ ಬುದ್ಧಿ. ಯುದ್ಧಕ್ಕೆ ಹೋಗುವಾಗ ಹತ್ತು ಮೊಳ ಇತ್ತು, ಬರುವಾಗ ಐದೇ. ಹರಿದ ಅಂಚಿನ ರಕ್ತ ನಾನೇ ಒಗೆದೆ. ದಳವಾಯಿಗಳ ಅಂಗೀಲಿ ಒಗೆದದ್ದು ಎಲೆಅಡಿಕೆ ಕಲೆ ಮಾತ್ರ."

ಪೇಟ ಬಿಚ್ಚಿ ಅಳೆದರು. ಐದೇ ಮೊಳ. "ಉಳಿದದ್ದೆಲ್ಲಿ?" ಎಂದ ರಾಜ.

ಸಣ್ಣೀರನೆಂಬ ಆ ಸಿಪಾಯಿ ಅಂಜುತ್ತ ಹೇಳಿದ: "ಹೊಳೆ ದಂಡೇಲಿ ಗಾಯ ಆದೋರಿಗೆ ಹರಿದು ಕಟ್ಟಿದೆ ಬುದ್ಧಿ. ಅದ್ರಲ್ಲಿಬ್ರು ಶತ್ರು ಕಡೆಯೋರು. ತಪ್ಪಾಯ್ತು."

ರಾಜ ಕತ್ತಿಯವನನ್ನು ಆಚೆ ಕಳಿಸಿ, "ಗುರುವ, ಏನು ಬೇಕು ಕೇಳು" ಎಂದ.

"ಡಂಗುರ ಹಿಂದಕ್ಕೆ ತಗೊಳ್ಳಿ ಬುದ್ಧಿ. ಸಿದ್ದನ ಮನೆಗೂ ಐಗಳ ಮನೆಗೂ ಅನ್ನದ ದಾರಿ ಮಾಡಿ."

ರಾಜ ಎರಡಕ್ಕೂ ಒಪ್ಪಿದ. ಗುರುವನಿಗೆ ಹೊಳೆ ಪಕ್ಕದ ಹೊಲವನ್ನೂ ಕೊಟ್ಟ. ಆಮೇಲೆ ಅಂಗಳಕ್ಕಿಳಿದು ಸಣ್ಣೀರನ ಮುಂದೆ ನಿಂತ. ಅಲ್ಲಿ ಗಿಡ್ಡ ಬಾಗಿಲೇನೂ ಇರಲಿಲ್ಲ. ರಾಜ ತಲೆಬಾಗಿದ.