ಉಡಿದಾರದ ತೂಕ

ಹೊಸತೊಡಕಿನ ದಿನ ಊಟದ ಎಲೆಯಿಂದ ಎದ್ದು ಕೈ ತೊಳೆಯಲು ಹೋದ ಹುಡುಗ ಹಾಗೇ ಊರು ಬಿಟ್ಟಿದ್ದ. ಏಳನೆಯ ಕ್ಲಾಸೂ ಮುಗಿದಿರಲಿಲ್ಲ. ತಾನಾಗಿಯೇ ಲೆಕ್ಕ ಕಲಿತ ಆ ಹುಡುಗನೇ ಈಗ ಜವರಪ್ಪ ಮೇಷ್ಟ್ರು. ಊರೂರು ತಿರುಗಿ, ನೌಕರಿ ಪರೀಕ್ಷೆ ಬರೆಯುವವರಿಗೆ ಗ್ರಾಫ್ ಓದುವುದನ್ನೂ ಶೇಕಡಾ ಲೆಕ್ಕವನ್ನೂ ಕಲಿಸುತ್ತಿದ್ದರು. ಒಂದು ಊರಿನ ಪಾಠ ಮುಗಿದ ಸಂಜೆ ಶಿಷ್ಯ ಚೆಲುವರಾಜು ಬಾಗಿಲಲ್ಲಿ ನಿಂತು ಕೇಳಿದ:

“ಸಾರ್, ಕ್ಲಾಸಿನ ಟೆಸ್ಟಲ್ಲಿ ಪಕ್ಕದವನದು ನೋಡಿ ಬರೆದಾಗ ಎಪ್ಪತ್ತು ಬರ್ತಿತ್ತು. ಈ ಸಲ ಒಬ್ಬನೇ ಕೂತು ಬರೆದೆ, ನಲವತ್ತೆರಡು. ನಲವತ್ತು ಪರ್ಸೆಂಟ್ ಇಳಿದುಬಿಟ್ಟೆ. ಪರೀಕ್ಷೆಗೆ ಇನ್ನೂ ಮೂರು ತಿಂಗಳಿದೆ. ಓದಲೋ, ಇಲ್ಲ ಬಿಟ್ಟೇಬಿಡಲೋ?”

“ಇಳಿಕೆ ಲೆಕ್ಕ ಮಾತ್ರ ಒಂಚೂರೂ ತಪ್ಪಿಲ್ಲ ಕಣಯ್ಯ! ಕೂತ್ಕೊ,” ಎಂದು ನಕ್ಕು ಮೇಷ್ಟ್ರು ಕತೆ ಹೇಳಿದರು.

ಒಬ್ಬಳು ತಾಯಿ. ಅವಳಿಗೊಂದು ಬಡಕಲು ಮಗು. ತಿಂಗಳಿಗೊಮ್ಮೆ ಅಂಗನವಾಡಿಯಲ್ಲಿ ಮಕ್ಕಳನ್ನು ತೂಗಿ ಗ್ರಾಫಿನಲ್ಲಿ ಚುಕ್ಕೆ ಇಡುತ್ತಿದ್ದರು. ನಾಲ್ಕು ಜನ ಆಡಿಕೊಂಡಾರೆಂದು ತಾಯಿಗೆ ಅಂಜಿಕೆ. ಮೊದಲ ಸಲವೇ ಮಗುವಿನ ಸೊಂಟಕ್ಕೆ ಬೆಳ್ಳಿಯ ಉಡಿದಾರ ಕಟ್ಟಿ, ಮೇಲೆ ಅಂಗಿ ತೊಡಿಸಿ ತಂದಳು. ಮೈಮೇಲಿನ ಬೆಳ್ಳಿ ಬಿಚ್ಚಿದರೆ ಮಗುವಿಗೆ ದೃಷ್ಟಿಯಾಗುತ್ತದೆಂದು ಆ ಊರಿನ ನಂಬಿಕೆ. ಟೀಚರೂ ಬಿಚ್ಚಿಸಲಿಲ್ಲ. ಮರುತಿಂಗಳು ಕಾಲಿಗೆ ಕಡಗ ಬಂತು. ಅದರ ಮರುತಿಂಗಳು ತವರಿನಿಂದ ಇನ್ನೂ ದಪ್ಪ ಕಡಗ. ಗೆರೆ ಏರುತ್ತಲೇ ಹೋಯಿತು. ಬಡಕಲು ಮಕ್ಕಳಿಗೆಂದು ಕೊಡುವ ಮೊಟ್ಟೆ ಈ ಮಗುವಿಗೆ ಸಿಗಲಿಲ್ಲ. ಅದು ಹಸಿದು ಅತ್ತಾಗಲೆಲ್ಲ ತಾಯಿ ಆ ಗೆರೆಯನ್ನು ನೆನೆದು ಸಮಾಧಾನ ತಂದುಕೊಳ್ಳುತ್ತಿದ್ದಳು.

ಒಂದು ದಿನ ಕಡಗ ತಾನಾಗಿ ಮಗುವಿನ ಕಾಲಿಂದ ಜಾರಿ ಬಿತ್ತು. ತಾಯಿ ಆ ಕಾಲು ಮುಟ್ಟಿ ನೋಡಿದಳು, ಬರೀ ಮೂಳೆ. ದೃಷ್ಟಿಯಾದರೂ ಆಗಲಿ ಎಂದು ಬೆಳ್ಳಿಯನ್ನೆಲ್ಲ ಬಿಚ್ಚಿ ಸೆರಗಿಗೆ ಕಟ್ಟಿಕೊಂಡು, ಬರಿಮೈಯ ಮಗುವನ್ನು ತೂಕಕ್ಕೆ ತಂದಳು. ಗೆರೆ ದೊಪ್ಪನೆ ಕೆಳಗೆ ಬಿತ್ತು.

“ಅಯ್ಯೋ, ನನ್ನ ಕೂಸು ಇಳಿದುಹೋಯ್ತಲ್ಲವ್ವ!”

ಟೀಚರು ಅವಳ ಸೆರಗಿನ ಗಂಟು ನೋಡಿದರು.

“ಕೂಸಲ್ಲ ಕಣವ್ವ, ಬೆಳ್ಳಿ ಇಳೀತು,” ಎಂದು ಮಗುವನ್ನು ತಾವೇ ಎತ್ತಿಕೊಂಡರು. ಅವತ್ತೇ ಒಂದು ಮೊಟ್ಟೆ ಸುಲಿದು ಅದರ ಕೈಗೆ ಕೊಟ್ಟರು.

ಇಷ್ಟು ಹೇಳಿ ಮೇಷ್ಟ್ರು ಎದ್ದರು. ಮುಂದಿನ ಊರಿನ ಬಸ್ಸಿಗೆ ಹೊತ್ತಾಗಿತ್ತು. ಗೋಡೆಯ ಮೇಲಿನ ಗ್ರಾಫ್ ಹಾಳೆಗಳನ್ನು ಬಿಡಿಸಿ ಸುರುಳಿ ಸುತ್ತತೊಡಗಿದರು.

“ಅದೇನೋ ಸರಿ ಸಾರ್. ಆದ್ರೆ ನನ್ನ ನಲವತ್ತು ಪರ್ಸೆಂಟ್?”

ಮೇಷ್ಟ್ರು ಅವನ ತಲೆಯ ಮೇಲೆ ಕೈಯಿಟ್ಟರು.

“ನಿನ್ನ ಗೆರೆಗೆ ಬಿದ್ದಿರೋದೇ ಇದೊಂದು ಚುಕ್ಕೆ ಮಗ, ಇಳಿದದ್ದು ಎಲ್ಲಿಂದ?”

ಚೆಲುವರಾಜು ಸುರುಳಿಗಳನ್ನು ಎತ್ತಿಕೊಟ್ಟ. ಮೇಷ್ಟ್ರು ಚೀಲದ ಬಾಯಿ ಕಟ್ಟಿದರು.