ನೆರಳು ಬಿಟ್ಟುಕೊಟ್ಟ ಕಂಪ್ಯೂಟರ್

ಒಪ್ಪಂದ ಇಷ್ಟೇ: ಬ್ಲಾಕ್ ಜೋಡಿಸಿ ಕೋಟೆ ಕಟ್ಟುವ ಆಟದಲ್ಲಿ ಹಳೆಯ ಕಂಪ್ಯೂಟರ್, ಹೊಸ ಲ್ಯಾಪ್‌ಟಾಪ್ ಕಾದಾಡಬೇಕು, ಸೋತವರ ವಜ್ರದ ಕತ್ತಿಯೂ ಕೋಟೆಯೂ ಗೆದ್ದವರಿಗೆ. ಕಂಪ್ಯೂಟರ್‌ಗೋ ನಾಲ್ಕು ಹೆಜ್ಜೆ ಓಡಿದರೆ ಏದುಸಿರು, ಚಿತ್ರ ತಡವರಿಸುತ್ತಿತ್ತು. ಆಗ ಆಟವನ್ನು ಹಗುರ ಮಾಡಿಕೊಡುವ, ಕ್ಲೈಂಟ್ ಎಂಬ ತಂತ್ರಾಂಶ ಒಂದು ಬಂದು ಕೈಮುಗಿಯಿತು.

"ಸ್ವಾಮಿ, ಇಷ್ಟು ಹೊರೆ ಹೊತ್ತು ಯಾರಾದರೂ ಕಾಳಗಕ್ಕೆ ಹೋಗ್ತಾರಾ? ಮೊದಲು ಆಟದ ಆಕಾಶದಲ್ಲಿರೋ ಆ ಮೋಡ ತೆಗೀರಿ."

ತೆಗೆಯಿತು. ಪರದೆಯ ಮೂಲೆಯಲ್ಲಿ ವೇಗದ ಅಂಕಿ ಏರಿತು.

"ಹುಲ್ಲು, ನೀರಿನ ಅಲೆ?"

"ತಗೊಂಡು ಹೋಗಯ್ಯ!"

"ನೆರಳು?"

ಮೌಸ್ ಅಡ್ಡ ಬಂತು. "ಅಣ್ಣಾ, ಅದೊಂದು ಇರಲಿ. ಎದುರಾಳಿ ಗೋಡೆ ಹತ್ತಿ ಮೇಲಿಂದ ಹಾರಿದರೆ ನೆಲದ ಮೇಲಿನ ನೆರಳೊಂದೇ ನಮಗೆ ಸುಳಿವು."

"ಎಳೆದತ್ತ ಹೋಗುವವನು ನೀನು, ನನಗೆ ಯುದ್ಧ ಹೇಳಿಕೊಡ್ತೀಯಾ? ಅಂಕಿ ನೋಡೋ, ಅಂಕಿ!"

ನೆರಳೂ ಹೋಯಿತು.

ಕಾಳಗದಲ್ಲಿ ಕಂಪ್ಯೂಟರ್ ಎಣ್ಣೆ ಹಚ್ಚಿದ ಹಾಗೆ ಓಡಿತು. ಲ್ಯಾಪ್‌ಟಾಪ್ ಎಲ್ಲೂ ಕಾಣದಾದಾಗ, ಹೆದರಿ ಓಡಿಹೋಯಿತೆಂದುಕೊಂಡು ತನ್ನ ಅಂಕಿಯನ್ನೇ ಮೆಚ್ಚುತ್ತ ನಿಂತಿತು. ಲ್ಯಾಪ್‌ಟಾಪ್ ಗೋಡೆಯ ತುದಿಯಿಂದ ನೆತ್ತಿಗೇ ಧುಮುಕಿ ಒಂದೇ ಏಟಿಗೆ ಕೆಲಸ ಮುಗಿಸಿತು.

"ಏನಯ್ಯಾ ಇದು?" ಎಂದು ಕಂಪ್ಯೂಟರ್ ಕ್ಲೈಂಟನ್ನು ಗದರಿತು.

"ಬೈಬೇಡಿ ಸ್ವಾಮಿ. ನಿಮ್ಮ ತಲೆ ಉರುಳಿದ್ದನ್ನು ಗಮನಿಸಿದಿರಾ? ಎಲ್ಲಾದರೂ ಒಂಚೂರು ತಡವರಿಸಿತಾ?"

ಕತ್ತಿ ಹೋಯಿತು, ಕೋಟೆ ಹೋಯಿತು. ಲಾಭವೆಂದು ಹೇಳಿಕೊಳ್ಳಲು ಉಳಿದದ್ದು, ಬಹಳ ನಯವಾದ ಒಂದು ಸಾವು.